ಫೋನಕ್ಕನ ನಾಲ್ಕು ತಟ್ಟು

ಐಸ್‌ಕ್ರೀಂ ಕಾರ್ಖಾನೆಯ ಮೂರನೇ ಮಹಡಿಯ ಮೂಲೆಕೋಣೆಯಲ್ಲಿ ಇಪ್ಪತ್ತಾರು ವರ್ಷ ಕೂತು ಫೋನು ಎತ್ತಿದವಳನ್ನು ಎಲ್ಲರೂ ಫೋನಕ್ಕ ಎಂದೇ ಕರೆಯುತ್ತಿದ್ದರು. ಸ್ವಂತ ಹೆಸರು ಅವಳಿಗೂ ಇತ್ತು. ಆದರೆ ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗದೆ ಹೊಸದಾಗಿಯೇ ಉಳಿದಿತ್ತು. ಅವಳಿಗಿಂತ ಎರಡು ವರ್ಷ ದೊಡ್ಡವರಾದ ಮ್ಯಾನೇಜರೂ ಅವಳನ್ನು ಅಕ್ಕನನ್ನಾಗಿ ಮಾಡಿಕೊಂಡಿದ್ದರು.

ಅವಳ ಸ್ವರದ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಇಂಪು ಎಂದರೆ ಸಾಲದು; ನಿದ್ದೆ ಹತ್ತುವ ಹೊತ್ತಿಗೆ ಯಾರೋ ಹೊದಿಕೆ ಸರಿಪಡಿಸಿ ಹೋದ ಹಾಗಿರುತ್ತಿತ್ತು ಅದು. ಕರಗಿದ ಮಾಲು ಕಳಿಸಿದ್ದೀರೆಂದು ಬೈಯಲು ಫೋನು ಮಾಡಿದ ಅಂಗಡಿಯವರು ಎರಡು ನಿಮಿಷದಲ್ಲಿ ಕೋಪ ಮರೆತು, ಅವಳ ಆರೋಗ್ಯ ವಿಚಾರಿಸಿ, ಇನ್ನೂ ನಾಲ್ಕು ಪೆಟ್ಟಿಗೆಗೆ ಆರ್ಡರು ಕೊಟ್ಟು ಫೋನಿಡುತ್ತಿದ್ದರು. "ಅಕ್ಕ ಬೆಂಕಿ ಬಿದ್ದಿದೆ ಅಂದ್ರೂ ನಂಗೆ ಆಕಳಿಕೆ ಬರತ್ತೆ ಕಣ್ರೀ" ಎಂದು ಪ್ಯಾಕಿಂಗ್ ಹಾಲಿನ ಹೆಂಗಸರು ನಗುತ್ತಿದ್ದರು. ಇದನ್ನು ಕೇಳಿ ಫೋನಕ್ಕನಿಗೆ ಒಳಗೊಳಗೇ ಹಿಗ್ಗು. ನೋಡಲು ತೀರ ಸಾಧಾರಣ ಹೆಂಗಸು. ಬಣ್ಣ, ಎತ್ತರ, ಕೂದಲು ಯಾವುದರಲ್ಲೂ ಹೇಳಿಕೊಳ್ಳುವಂಥದ್ದಿಲ್ಲ. ಇದ್ದ ಒಂದೇ ಒಡವೆ ಗಂಟಲಲ್ಲಿತ್ತು.

ಮಧ್ಯಾಹ್ನ ಎರಡರ ಮೇಲೆ ಫೋನು ಕಡಿಮೆ. ಕೆಳಗೆ ಕಂಪ್ರೆಸರುಗಳು ಒಂದೇ ಶ್ರುತಿಯಲ್ಲಿ ಗುಂಯ್‌ಗುಡುತ್ತಿದ್ದವು. ಶೀತಕೋಣೆಯ ಬಾಗಿಲು ತೆರೆದಾಗಲೆಲ್ಲ ಬಿಳಿ ಹಬೆ ಅಂಗಳಕ್ಕೆ ಉರುಳಿ, ಬಿಸಿಲಲ್ಲಿ ಹತ್ತು ಹೆಜ್ಜೆ ನಡೆದು ಇಲ್ಲವಾಗುತ್ತಿತ್ತು. ಅದನ್ನು ನೋಡುತ್ತ ಫೋನಕ್ಕನ ಕಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ತನ್ನ ಸ್ವರವೂ ಹೀಗೇ ತಂತಿಯಿಂದ ಇಳಿದು, ತಾನು ಕಾಲಿಡದ ಕೋಣೆಗಳಿಗೆಲ್ಲ ಹೋಗಿ, ಕಾಣದ ಜನರ ಪಕ್ಕ ಸ್ವಲ್ಪ ಹೊತ್ತು ಕೂತು ಬರುತ್ತದೆಂದು ಅವಳ ಊಹೆ. ಹಾಗೆ ಹೋದದ್ದು ಒಂದು ದಿನ ವಾಪಸು ಬರದಿದ್ದರೆ ಎಂದು ಒಮ್ಮೊಮ್ಮೆ ಅನಿಸಿ, ಎದ್ದು ನೀರು ಕುಡಿಯುತ್ತಿದ್ದಳು.

ಮನೆಯಲ್ಲಿ ಇದ್ದದ್ದು ಇಬ್ಬರು, ಅವಳು ಮತ್ತು ತಂಗಿ. ತಾಯಿ ತೀರಿಕೊಂಡಾಗ ತಂಗಿಗೆ ಆರು ವರ್ಷ, ಇವಳಿಗೆ ಹದಿನಾರು. ಅಂದಿನಿಂದ ತಂಗಿಯ ಪಾಲಿಗೆ ಅಕ್ಕನೂ ಇವಳೇ, ಅಮ್ಮನೂ ಇವಳೇ. ಮದುವೆಯ ಮಾತು ಬಂದಾಗಲೆಲ್ಲ "ಇವಳನ್ನ ಯಾರು ನೋಡ್ಕೋತಾರೆ?" ಎಂದು ಮುಂದೂಡಿದಳು. ತಂಗಿಯೋ, ದೊಡ್ಡವಳಾಗಿ, ಬಂದ ಗಂಡುಗಳನ್ನೆಲ್ಲ "ಮಾತು ಕಮ್ಮಿ ಆಡ್ತಾನೆ, ಬೇಡ" ಎಂದು ಅಟ್ಟಿದಳು. ಅವಳು ಬೆಳಿಗ್ಗೆ ಕಣ್ಣು ಬಿಡುವ ಮೊದಲು ಬಾಯಿ ಬಿಡುವವಳು. ನಿದ್ದೆಯಲ್ಲೂ ಯಾರೊಂದಿಗೋ ವಾದ ನಡೆಸುತ್ತಿದ್ದಳು. ಚಿಲಿಪಿಲಿ ನಿಲ್ಲದ್ದರಿಂದ ಅಕ್ಕ ಅವಳಿಗೆ ಗುಬ್ಬಿ ಎಂದು ಹೆಸರಿಟ್ಟಿದ್ದಳು. ಆ ಹೆಸರು ಮನೆಯ ಹೊಸಿಲು ದಾಟಿರಲಿಲ್ಲ. ಅವಳು ಕೆಲಸಕ್ಕಿದ್ದ ಕಾರ್ಖಾನೆಯ ಪ್ಯಾಕಿಂಗ್ ಹಾಲಿನಲ್ಲಿ ಬರೀ 'ಫೋನಕ್ಕನ ತಂಗಿ'.

ಕಾರ್ಖಾನೆಗೆಲ್ಲ ಸುದ್ದಿ ಸಾರಲು ಫೋನಕ್ಕನ ಕೋಣೆಯಲ್ಲಿದ್ದ ಹಳೆಯ ಮೈಕಿಗೊಂದು ಪದ್ಧತಿ ಇತ್ತು. ಕಂಪ್ರೆಸರಿನ ಗದ್ದಲದಲ್ಲಿ ಎಂಥ ಇಂಪಾದ ಮಾತೂ ಅರ್ಧಕ್ಕೇ ಕರಗಿಹೋಗುತ್ತಿತ್ತು. ಯಾವ ಗೇಟಿಗೆ ಲಾರಿ ಬಂತೆಂದು ಹಮಾಲರಿಗೆ ತಿಳಿಯುತ್ತಿರಲಿಲ್ಲ. ಅದಕ್ಕೆ ಫೋನಕ್ಕ ಪೆನ್ನಿನ ತುದಿಯಿಂದ ಮೈಕಿನ ಮೇಲೆ ತಟ್ಟುವುದನ್ನು ಶುರುಮಾಡಿದಳು. ಮೂರು ಸಲ ಬೇಗಬೇಗ ತಟ್ಟಿದರೆ 'ಇತ್ತ ಕೇಳಿ' ಎಂದರ್ಥ. ಆಮೇಲೆ ನಿಧಾನವಾಗಿ ಗೇಟಿನ ಸಂಖ್ಯೆ. ಒಂದು ತಟ್ಟಿದರೆ ಮುಂಬಾಗಿಲು, ಎರಡು ಪೂರ್ವ, ಮೂರು ಹಿಂಬದಿ, ನಾಲ್ಕು ಪಶ್ಚಿಮ. ಮಾತು ತಲುಪದ ಕಡೆಗೂ ಆ ಟಕ್ ಟಕ್ ತಲುಪುತ್ತಿತ್ತು. ಇಪ್ಪತ್ತು ಚಿಲ್ಲರೆ ವರ್ಷ ನಡೆದ ಪದ್ಧತಿ, ಲಾರಿಯವರ ಸುದ್ದಿ ಮೊಬೈಲಿಗೇ ಬರುವಂತಾದ ಮೇಲೆ ನಿಂತುಹೋಯಿತು.

ಎರಡು ವರ್ಷದ ಹಿಂದೆ ಸುರಕ್ಷತಾ ಅಧಿಕಾರಿ ಬಂದರು. ಊಟದ ಹೊತ್ತಿನಲ್ಲೂ ತಲೆಯ ಮೇಲಿನದನ್ನು ತೆಗೆಯದ ಕಾರಣ ಹೆಲ್ಮೆಟ್ ಸಾಹೇಬರೆಂದೇ ಹೆಸರಾದರು. ಒಳ್ಳೆಯ ಮನುಷ್ಯ, ಪಾಪ, ಎಲ್ಲದಕ್ಕೂ ಶೇಕಡಾವಾರು ಬೇಕು ಅವರಿಗೆ. ಈ ವರ್ಷ ಅವರು ಹಟ ಹಿಡಿದು ಹೊಸ ತುರ್ತು ಸಂದೇಶದ ಯಂತ್ರ ತರಿಸಿದರು. ಜನರ ಬಾಯಲ್ಲಿ ಅದು ಡಂಗುರವಾಯಿತು.

"ನೋಡಿ ಫೋನಕ್ಕ, ಕಂಪ್ರೆಸರ್ ರೂಮಲ್ಲಿ ತಂಪು ಮಾಡೋ ಅಮೋನಿಯಾ ಗ್ಯಾಸು ಸೋರಿದ್ರೆ ಯಂತ್ರಕ್ಕೇ ಗೊತ್ತಾಗತ್ತೆ" ಎಂದು ಸಾಹೇಬರು ಕೈ ಆಡಿಸುತ್ತ ವಿವರಿಸಿದರು. "ಅದೇ ಸ್ಪೀಕರಲ್ಲಿ ಹೇಳತ್ತೆ. ಅದೇ ನಾನೂರ ಹನ್ನೆರಡು ಜನರಿಗೂ ಒಂದೇ ಸಲ ಫೋನ್ ಮಾಡತ್ತೆ. ಸುರಕ್ಷಿತವಾಗಿದ್ದವರು ಒಂದು ಒತ್ತಿದ್ರೆ ಇಲ್ಲಿ ಪರದೆ ಮೇಲೆ ಅವರ ಚುಕ್ಕಿ ಹಸಿರು. ಇಲ್ದಿದ್ರೆ ಕೆಂಪು. ಮನುಷ್ಯರು ಕೈ ಹಾಕೋದೇ ಬೇಡ."

"ಹೇಳೋದು ಯಾರ ಸ್ವರದಲ್ಲಿ ಸಾರ್?"

"ನಿಮ್ಮದೇ. ಬೇರೆಯವರದ್ದು ಅಂದ್ರೆ ಈ ಜನ ನನ್ನ ಸುಮ್ನೆ ಬಿಡ್ತಾರಾ?"

ಆದರೆ ಆ ಸ್ವರಕ್ಕೆ ಆಗಲೇ ಕಂಟಕ ಬಂದಿತ್ತು. ಗಂಟಲಲ್ಲಿ ಗಂಟು ಬೆಳೆದು, ಸಂಜೆಯ ಹೊತ್ತಿಗೆ ಮಾತು ಒಡೆಯುತ್ತಿತ್ತು. ಡಾಕ್ಟರು ಆಪರೇಷನ್ನಿಗೆ ದಿನ ಕೊಟ್ಟಿದ್ದರು. ಹಿಂದಿನ ದಿನ ಬೆಳಿಗ್ಗೆ ಬಿಸಿನೀರು ಕುಡಿದು, ಇದ್ದ ಸ್ವರವನ್ನೆಲ್ಲ ಒಟ್ಟುಮಾಡಿ, ಅವಳು ಡಂಗುರಕ್ಕಾಗಿ ಫೋನಿನ ಕ್ಷೇಮಪ್ರಶ್ನೆಯನ್ನೂ ಗೇಟಿನ ಒಂದು ಸಂದೇಶವನ್ನೂ ಓದಿದಳು. ಪಟ್ಟಿಯಲ್ಲಿ ಗೇಟಿನ ಸಂದೇಶ ಎರಡಿದ್ದವು. ಗಾಳಿ ಪಶ್ಚಿಮಕ್ಕೆ ಬೀಸುವಾಗ ಪೂರ್ವದ ಎರಡನೇ ಗೇಟು, ಪೂರ್ವಕ್ಕೆ ಬೀಸುವಾಗ ಪಶ್ಚಿಮದ ನಾಲ್ಕನೇ ಗೇಟು. ಮೊದಲನೆಯದು ಮುಗಿಯುವಷ್ಟರಲ್ಲಿ ಗಂಟಲು ಕೈಕೊಟ್ಟಿತು.

"ಇನ್ನೊಂದನ್ನ ಆಪರೇಷನ್ ಆದ್ಮೇಲೆ ಮಾಡೋಣ ಬಿಡಿ" ಎಂದರು ಸಾಹೇಬರು. "ಇಲ್ಲಿ ಗಾಳಿ ಆ ಕಡೆ ಬೀಸೋದೇ ಅಪರೂಪ."

ಬೇರೆ ಯಾರಿಂದಲಾದರೂ ಓದಿಸಬಹುದಿತ್ತು. ಯಾರಿಗೂ ಮನಸ್ಸಾಗಲಿಲ್ಲ. ಪ್ರೀತಿಯಿಂದ ಆಗುವ ತಪ್ಪು ತಪ್ಪೆಂದು ಯಾರ ಕಣ್ಣಿಗೂ ಬೀಳುವುದಿಲ್ಲ ನೋಡಿ. ಧ್ವನಿಮುದ್ರಣದವನು ಇನ್ನೊಂದು ಉಪಕಾರ ಮಾಡಿದ. ಶುರುವಿನಲ್ಲಿ ಅಭ್ಯಾಸಬಲದಿಂದ ಅವಳು ತಟ್ಟಿದ್ದ ಮೂರು ಟಕ್ ಟಕ್ಕನ್ನು ಕಸವೆಂದು ಕತ್ತರಿಸಿ ಹಾಕಿದ.

ಆಪರೇಷನ್ ಚೆನ್ನಾಗಿಯೇ ಆಯಿತು. ಆರು ವಾರ ಪಿಸುಮಾತೂ ಕೂಡದೆಂದರು ಡಾಕ್ಟರು. "ಒಂದೇ ಒಂದು ಸಲ ಕೂಗಿದ್ರೂ ಸಾಕು, ಒಳಗಿನ ಗಾಯ ಬಿಟ್ಕೊಳ್ಳತ್ತೆ. ಆಮೇಲೆ ಈ ಸ್ವರ ಬಾ ಅಂದ್ರೂ ಬರಲ್ಲ" ಎಂದು ಎಚ್ಚರಿಸಿದರು. ತಂಗಿ ಕಾವಲಿಗೆ ನಿಂತಳು. ಅಕ್ಕನ ಕೈಗೊಂದು ಸ್ಲೇಟು ಕೊಟ್ಟು, ಅವಳು ಒಂದು ಸಾಲು ಬರೆಯುವಷ್ಟರಲ್ಲಿ ತಾನೇ ಪ್ರಶ್ನೆ ಕೇಳಿ, ತಾನೇ ಉತ್ತರ ಹೇಳಿ, ಅದಕ್ಕೆ ತಾನೇ ಸಿಟ್ಟಾಗಿ, ರಾಜಿಯೂ ಆಗಿರುತ್ತಿದ್ದಳು. ಎರಡನೇ ವಾರದಿಂದ ಫೋನಕ್ಕ ಕೆಲಸಕ್ಕೆ ಬಂದಳು. ಫೋನು ಎತ್ತಲು ತಾತ್ಕಾಲಿಕವಾಗಿ ಕೆಳಗಿನ ಆಫೀಸಿನವರಿದ್ದರು. ಡಂಗುರದ ಪರದೆ ನೋಡಿಕೊಂಡಿರಲು ಗಂಟಲು ಬೇಕಿರಲಿಲ್ಲ.

ಮಾತು ನಿಂತ ಮೇಲೆ ಲೋಕವೇ ಬೇರೆಯಾಯಿತು. ಅವಳಿಗೆ ನೀರಿನಡಿ ಕೂತ ಹಾಗೆ. ಎಲ್ಲರೂ ಮೇಲೆಲ್ಲೋ ಓಡಾಡುತ್ತಿದ್ದಾರೆ. ತಿಂಗಳ ಮೊದಲ ಸೋಮವಾರ ಹನ್ನೊಂದಕ್ಕೆ ಡಂಗುರದ ತಾಲೀಮು. ಅವಳು ಕುರ್ಚಿಯಲ್ಲಿ ತುಟಿ ಮುಚ್ಚಿ ಕೂತಿದ್ದಾಗಲೇ ಅವಳ ಸ್ವರ ಕಟ್ಟಡದ ತುಂಬ ಓಡಾಡಿತು. "ಎಲ್ಲರ ಗಮನಕ್ಕೆ. ಅನಿಲ ಸೋರಿದೆ. ಗಾಬರಿ ಬೇಡ. ಕೆಲಸ ನಿಲ್ಲಿಸಿ ಎರಡನೇ ಗೇಟಿನ ಕಡೆ ನಡೆಯಿರಿ." ಎಂಥ ಚೆಂದ! ಇದು ನನ್ನದೇನಾ ಎಂದು ಗಂಟಲು ಮುಟ್ಟಿ ನೋಡಿಕೊಂಡಳು. ಇನ್ನು ನಾಲ್ಕು ವಾರಕ್ಕೆ ಅದು ತಿರುಗಿ ಮನೆಗೆ ಬರುತ್ತದೆ ಎಂದು ಆಸೆಯಾಗಿ ಕಣ್ಣು ತುಂಬಿತು.

ತಾಲೀಮಿನ ಗುಟ್ಟನ್ನೂ ಇಲ್ಲೇ ಹೇಳಿಬಿಡಬೇಕು. ಎರಡನೇ ಗೇಟಿನ ಮರದ ಕೆಳಗೆ ತಾಲೀಮಿನ ದಿನ ಚಹಾದ ಗಾಡಿ ಬರುತ್ತಿತ್ತು. ಆದ್ದರಿಂದ ನಾನೂರು ಜನ ಮೂರೇ ನಿಮಿಷದಲ್ಲಿ ಅಲ್ಲಿ ಹಾಜರು. ಪ್ಯಾಕಿಂಗ್ ಹಾಲಿಗೂ ಶೀತಕೋಣೆಗೂ ಮೊಬೈಲು ಒಯ್ಯುವಂತಿಲ್ಲ, ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಹಾಗಾದರೆ ಡಂಗುರದ ಫೋನು ಎತ್ತುವವರು ಯಾರು? ತಾಲೀಮಿನ ದಿನ ಮೊದಲೇ ಗೊತ್ತಿರುತ್ತಿದ್ದುದರಿಂದ ಎಲ್ಲರೂ ಕಾಲುಚೀಲದಲ್ಲಿ ಮೊಬೈಲು ತುರುಕಿಕೊಂಡು ಬರುತ್ತಿದ್ದರು. ಪರದೆಯ ಮೇಲೆ ನಾನೂರ ಹನ್ನೆರಡೂ ಹಸಿರು. ಶೇಕಡಾ ನೂರು! ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದರು. ಹೇಳಿ ಬರುವ ಆಪತ್ತಿಗೆ ನಮ್ಮಷ್ಟು ಸಿದ್ಧರಾದವರು ಲೋಕದಲ್ಲಿ ಬೇರೆ ಇಲ್ಲ.

ಮೌನದ ಮೂವತ್ತಮೂರನೇ ದಿನ, ಬುಧವಾರ, ಮಧ್ಯಾಹ್ನ ಮೂರು ಗಂಟೆ. ಸಾಹೇಬರು ಪೇಟೆಯಲ್ಲಿ ಯಾವುದೋ ಸಭೆಗೆ ಹೋಗಿದ್ದರು. ಫೋನಕ್ಕ ಕಿಟಕಿಯ ಬಳಿ ಕೂತು ಅಂಗಳದ ಬಿಳಿ ಹಬೆ ನೋಡುತ್ತಿದ್ದಳು. ಹಬೆ ಉರುಳಿತು, ನಡೆಯಿತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ, ಮೂವತ್ತು. ಇವತ್ತು ಇದು ಎಷ್ಟು ದೂರ ಹೋಗುತ್ತಿದೆ ಎಂದು ಅರೆನಿದ್ದೆಯಲ್ಲಿ ಸಂತೋಷವೇ ಆಯಿತು ಅವಳಿಗೆ. ಅಷ್ಟರಲ್ಲಿ ಅವಳ ಸ್ವರ ಮಾತಾಡಿತು.

"ಎಲ್ಲರ ಗಮನಕ್ಕೆ. ಅನಿಲ ಸೋರಿದೆ. ಗಾಬರಿ ಬೇಡ."

ಇವತ್ತು ಸೋಮವಾರವಲ್ಲವಲ್ಲ! ಅವಳು ಕಿಟಕಿಗೆ ಬಾಗಿ ನೋಡಿದಳು. ಹಬೆ ಬರುತ್ತಿದ್ದುದು ಶೀತಕೋಣೆಯಿಂದಲ್ಲ, ಕಂಪ್ರೆಸರ್ ರೂಮಿನಿಂದ. ಗಾಳಿಯ ದಿಕ್ಕು ತೋರಿಸಲು ನೀರಿನ ಟ್ಯಾಂಕಿನ ಮೇಲೆ ಕಟ್ಟಿದ್ದ ಗಾಳಿಚೀಲ ಉಬ್ಬಿಕೊಂಡು ನೇರವಾಗಿ ಎರಡನೇ ಗೇಟಿನ ಕಡೆ ಚಾಚಿತ್ತು. ಮರ, ಮರದ ಕೆಳಗಿನ ಬೆಂಚು ಆಗಲೇ ಬಿಳಿಯಲ್ಲಿ ಮುಳುಗುತ್ತಿದ್ದವು. ಪ್ಯಾಕಿಂಗ್ ಹಾಲಿನ ಬಾಗಿಲಿಂದ ನಾಲ್ಕೈದು ಜನ ಚಹಾಕ್ಕೆ ಹೊರಟವರಂತೆ ನಿಧಾನವಾಗಿ ಹೊರಬಂದರು, ಕೆಮ್ಮುತ್ತ ಮುಖ ಮುಚ್ಚಿಕೊಂಡರು, ಮತ್ತೆ ಒಳಗೆ ನುಗ್ಗಿದರು. ಮೇಲಿಂದ ಆ ಇಂಪಾದ ಸ್ವರ ಮಾತ್ರ ಬಿಡದೆ ಕರೆಯುತ್ತಿತ್ತು. "ಎರಡನೇ ಗೇಟಿನ ಕಡೆ ನಡೆಯಿರಿ."

ಇಷ್ಟು ವರ್ಷ ಊರಿಗೆಲ್ಲ ಹೊದಿಕೆ ಹೊದಿಸಿದ ಸ್ವರ ಈಗ ಜನರನ್ನು ಕೈ ಹಿಡಿದು ವಿಷದೊಳಗೆ ಕರೆದೊಯ್ಯುತ್ತಿತ್ತು. ಆ ಜನರಲ್ಲಿ ಅವಳ ತಂಗಿಯೂ ಇದ್ದಳು.

ಯಂತ್ರದ ಮೇಲೆ ಸ್ಪೀಕರಿನ ಸಂದೇಶ ನಿಲ್ಲಿಸುವ ಗುಂಡಿಯೊಂದಿತ್ತು. ಅದರ ಪಕ್ಕದಲ್ಲೇ, ಇದನ್ನು ಒತ್ತಿದವರ ಮೇಲೆ ಕಠಿಣ ಕ್ರಮ ಕೈಗೊಳ್ಳಲಾಗುವುದೆಂದು ಸಾಹೇಬರ ಚೀಟಿ. ಫೋನಕ್ಕ ಒತ್ತಿದಳು. ಸ್ವರ ಅರ್ಧ ಮಾತಿನಲ್ಲಿ ನಿಂತಿತು. ಹಳೆಯ ಮೈಕನ್ನು ಎಳೆದುಕೊಂಡು ಬಾಯಿ ತೆರೆದಳು. ಹೋದರೆ ಹೋಗಲಿ ಎಂದೇ ತೆರೆದಳು. ಆಗ ಹೊಳೆಯಿತು. ಈ ಗಂಟಲಿನಿಂದ ಈಗ ಬರುವುದು ಯಾರೂ ಅರಿಯದ ಒಡಕು ಸ್ವರ. ಅಷ್ಟು ಹೊತ್ತು ಫೋನಕ್ಕ ಎರಡು ಎಂದದ್ದನ್ನು ಕೇಳಿದವರು, ಯಾವಳೋ ಕರ್ಕಶವಾಗಿ ನಾಲ್ಕು ಎಂದರೆ ನಂಬುತ್ತಾರೆಯೇ? ಯಾರೋ ಕಿಡಿಗೇಡಿ ಮೈಕು ಹಿಡಿದಿದ್ದಾರೆ ಎಂದುಕೊಳ್ಳುತ್ತಾರೆ. ಅವಳ ಮಾತನ್ನು ಮೀರಿಸುವಂಥದ್ದು ಅವಳಲ್ಲಿ ಇನ್ನೊಂದೇ ಇತ್ತು.

ಪೆನ್ನು ತೆಗೆದು ಬೇಗಬೇಗ ಮೂರು ತಟ್ಟಿದಳು. ಆಮೇಲೆ ನಿಧಾನವಾಗಿ, ಒಂದೊಂದಕ್ಕೂ ಉಸಿರು ಬಿಟ್ಟು, ನಾಲ್ಕು.

ಏನೂ ಆಗಲಿಲ್ಲ. ಮತ್ತೆ ಮೂರು, ಮತ್ತೆ ನಾಲ್ಕು. ಮೂರನೆಯ ಸಲಕ್ಕೆ ಪ್ಯಾಕಿಂಗ್ ಹಾಲಿನಿಂದ ಯಾರೋ ಡಬ್ಬಿ ಬಡಿದದ್ದು ಕೇಳಿಸಿತು. ಢಣ್, ಢಣ್, ಢಣ್, ಢಣ್. ಹಳಬರಲ್ಲಿ ಯಾರಿಗೋ ನೆನಪಾಗಿತ್ತು. ಅದನ್ನು ಕೇಳಿ ಇನ್ನೊಬ್ಬರು ಪೈಪು ಬಡಿದರು, ಮತ್ತೊಬ್ಬರು ತಳ್ಳುಗಾಡಿ ಬಡಿದರು. ತಟ್ಟಿನ ಅರ್ಥವನ್ನೇ ತಿಳಿಯದ ಹೊಸಬರೂ ಕೈಗೆ ಸಿಕ್ಕಿದ್ದನ್ನು ಬಡಿಯುತ್ತ ಹೊರಟರು. ನಿಜವಾದ ಡಂಗುರ ಅದು! ಹಾಲಿನಿಂದ ಹಾಲಿಗೆ, ಪಶ್ಚಿಮಕ್ಕೆ, ದೂರ ದೂರ ಸರಿಯುತ್ತ ಹೋಗಿ, ಒಮ್ಮೆಲೇ ನಿಂತಿತು. ಫೋನಕ್ಕ ಮೈಕಿನ ಗುಂಡಿ ಬಿಟ್ಟಳು.

ಕಂಪ್ರೆಸರುಗಳು ತಾವಾಗಿ ನಿಂತಿದ್ದವು. ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಆ ಕೋಣೆಯಲ್ಲಿ ಏನೂ ಕೇಳಿಸಲಿಲ್ಲ. ಮೆಟ್ಟಿಲು ಇಳಿಯುವುದು ಪೂರ್ವದ ಅಂಗಳಕ್ಕೆ, ಹಾಗಾಗಿ ಅವಳು ಹೋಗುವಂತಿಲ್ಲ. ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಳು. ನಾಲ್ಕನೇ ಗೇಟು ಅವಳ ಕಿಟಕಿಗೆ ಕಾಣುವುದಿಲ್ಲ. ಕಿಟಕಿಯಾಚೆ ಬರೀ ಬಿಳಿ.

ಆಗ ಡಂಗುರ ತನ್ನ ಎರಡನೇ ಕೆಲಸ ಶುರುಮಾಡಿತು. ಎಲ್ಲರಿಗೂ ಒಟ್ಟಿಗೇ ಫೋನು. ಅವಳ ಕೋಣೆಯ ಕೆಳಗೇ ಬೀರುಗಳ ಕೋಣೆ. ನೆಲದಡಿಯಿಂದ ನೂರಾರು ಫೋನುಗಳು, ಒಂದೊಂದು ಒಂದೊಂದು ರಾಗದಲ್ಲಿ, ಬೀಗ ಹಾಕಿದ ಕತ್ತಲಲ್ಲಿ ಹಾಡತೊಡಗಿದವು. ಅಷ್ಟು ಫೋನುಗಳೊಳಗೂ ಅವಳ ಸ್ವರವೇ ಕಾದಿತ್ತು, ಕ್ಷೇಮವೇ ಎಂದು ಕೇಳಲು. ಎತ್ತುವವರಿಲ್ಲ. ಒಂದೊಂದಾಗಿ ಹಾಡು ನಿಂತಿತು. ಪರದೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ಕೆಂಪಾದವು. ಫೋನು ಬೀರುವಿನಲ್ಲಿರುವುದು ಅವಳಿಗೆ ಗೊತ್ತಿತ್ತು. ಕೆಂಪಿಗೆ ಅರ್ಥವಿಲ್ಲವೆಂದೂ ಗೊತ್ತಿತ್ತು. ಆದರೂ ನೂರಾರು ಕೆಂಪು ಚುಕ್ಕಿ ಕಣ್ಣೆದುರಿಗಿದ್ದಾಗ ಗೊತ್ತಿರುವುದರಿಂದ ಏನು ಪ್ರಯೋಜನ? ಇನ್ನೂರ ಏಳನೆಯದು ತಂಗಿಯದು. ಅದೂ ಕೆಂಪು. ಯಂತ್ರ ಎರಡನೇ ಸಲ ಕರೆಯಿತು. ಕೆಂಪು. ಮೂರನೇ ಸಲ. ಕೆಂಪು.

ಹನ್ನೊಂದು ನಿಮಿಷವಾದ ಮೇಲೆ ಮುಖಕ್ಕೆ ಮುಸುಕು ಹಾಕಿದ ಅಗ್ನಿಶಾಮಕದವರು ಬಂದು ಅವಳನ್ನು ಕರೆದೊಯ್ದರು. ನಾಲ್ಕನೇ ಗೇಟಿನಾಚೆ ರಸ್ತೆಯುದ್ದಕ್ಕೂ ಜನ ಕೂತಿದ್ದರು. ಎಲ್ಲರೂ ಇದ್ದರು. ಕೆಮ್ಮುತ್ತಿದ್ದ ಆರು ಜನರನ್ನು ಆಸ್ಪತ್ರೆಗೆ ಒಯ್ದಿದ್ದರು, ಅವರೂ ಸಂಜೆಗೆ ಮನೆ ಸೇರಿದರು. ಮೊದಲು ಡಬ್ಬಿ ಬಡಿದವಳು ತಂಗಿಯೇ. ಅವಳು ವಾಚ್‌ಮನ್ನಿನ ಫೋನು ಕಿತ್ತುಕೊಂಡು ಹೆಲ್ಮೆಟ್ ಸಾಹೇಬರಿಗೆ ತಲೆ ಎಣಿಸಿ ಒಪ್ಪಿಸುತ್ತಿದ್ದಳು. ಅಕ್ಕನನ್ನು ಕಂಡದ್ದೇ ಫೋನು ಬಿಸಾಕಿ ಓಡಿ ಬಂದು, ತಬ್ಬಿಕೊಂಡು, ಅವಳ ಬಾಯಿಗೆ ಅಂಗೈ ಒತ್ತಿದಳು.

"ಮಾತಾಡ್ಬೇಡ! ಒಂದು ಮಾತೂ ಬೇಡ! ಇನ್ನು ಒಂಬತ್ತೇ ದಿನ ಅಕ್ಕಾ, ಹಾಳು ಮಾಡ್ಕೋಬೇಡ!"

ಫೋನಕ್ಕ ಆ ಅಂಗೈಯೊಳಗೇ ಅತ್ತಳು, ಸದ್ದಿಲ್ಲದೆ.

ಒಂಬತ್ತು ದಿನ ಕಳೆದು ಡಾಕ್ಟರು ಗಂಟಲಿಗೆ ದೀಪ ಹಿಡಿದು ನೋಡಿದರು. ಮಾತಾಡಿ ಎಂದರು. ಬಂದದ್ದು ಮರ ಕೊಯ್ದ ಸದ್ದು.

"ನಡುವೆ ಏನಾದ್ರೂ ಕೂಗಿದ್ರಾ?"

ಫೋನಕ್ಕ ಇಲ್ಲವೆಂದು ತಲೆಯಾಡಿಸಿದಳು.

"ಎಲ್ಲಿ ಕೂಗ್ತಾಳೆ ಡಾಕ್ಟ್ರೇ? ನಾನೇ ಕಾವಲಿದ್ದೆ, ಕೆಮ್ಮೋಕೂ ಬಿಟ್ಟಿಲ್ಲ!" ಎಂದಳು ತಂಗಿ. ಅಂದಿನಿಂದ ಅವಳು ಡಾಕ್ಟರ ಕೈಗುಣವನ್ನು ಬೀದಿ ಬೀದಿಯಲ್ಲಿ ಬೈದುಕೊಂಡು ತಿರುಗಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆಪರೇಷನ್ ಬಾರದವರು ಗಂಟಲು ಡೊಂಕು ಅಂತಾರೆ ಎಂದು ಹೊಸ ಗಾದೆ ಕಟ್ಟಿದಳು. ಫೋನಕ್ಕ ತಡೆಯಲೂ ಇಲ್ಲ, ಒಪ್ಪಲೂ ಇಲ್ಲ. ಮಧ್ಯಾಹ್ನದ ಹೊತ್ತು ಕಿಟಕಿಯಲ್ಲಿ ಹಬೆ ನೋಡುತ್ತ ಕೂರುತ್ತಿದ್ದಳು. ಹೋದದ್ದು ವಾಪಸು ಬಂದಿರಲಿಲ್ಲ.

ತಿಂಗಳ ನಂತರ ವಿಚಾರಣೆ ನಡೆಯಿತು. ಗುಂಡಿ ಒತ್ತಿದವಳೆಂದು ಅಕ್ಕನನ್ನೂ, ಡಬ್ಬಿ ಬಡಿದವಳೆಂದು ತಂಗಿಯನ್ನೂ ಕರೆದಿದ್ದರು. ಸಾಹೇಬರು ಅಂದು ಹೆಲ್ಮೆಟ್ ತೆಗೆದು ಮಡಿಲಲ್ಲಿಟ್ಟುಕೊಂಡಿದ್ದರು. ತಪ್ಪು ತಮ್ಮದೆಂದು ಮೊದಲೇ ಹೇಳಿದರು. "ಯಂತ್ರ ಎಲ್ಲಾ ದಾಖಲೆ ಮಾಡ್ಕೊಂಡಿರತ್ತೆ. ಸ್ಪೀಕರ್ ಬಂದಾದ್ರೂ ಆ ಕೋಣೆ ಮೈಕ್ ಕೇಳಿಸ್ಕೋತಾ ಇರತ್ತೆ" ಎಂದು ಹೇಳಿ, ಅದನ್ನು ಹಚ್ಚಿದರು. ಫೋನಕ್ಕ ಥಟ್ಟನೆ ಎದ್ದು ಕೈ ಮುಂದೆ ಮಾಡಿದಳು. ಅಷ್ಟರಲ್ಲಿ ಶುರುವಾಗಿಬಿಟ್ಟಿತ್ತು.

ಮೂರು ತಟ್ಟು. ನಾಲ್ಕು ತಟ್ಟು. ಮತ್ತೆ, ಮತ್ತೆ. ದೂರದ ಡಬ್ಬಿ. ಮೌನ. ನೆಲದಡಿಯಲ್ಲಿ ಹಾಡುವ ಫೋನುಗಳು. ಯಾರದೋ ಉಸಿರು, ಬರಬರುತ್ತ ಬಿರುಸಾಗುವ ಉಸಿರು. ಆಮೇಲೆ, ಬಟ್ಟೆ ಹರಿದ ಹಾಗೆ, ಒಂದೇ ಒಂದು ಕೂಗು.

"ಗುಬ್ಬೀ!"

ಸಭೆಯಲ್ಲಿದ್ದವರಿಗೆ ತಿಳಿಯಲಿಲ್ಲ. ಸಾಹೇಬರು "ಗುಬ್ಬಿ ಅಂದ್ರೆ ಯಾರು?" ಎಂದು ಕೇಳಿದರು. ಯಾವ ಪ್ರಶ್ನೆಗೂ ಮೂರು ಉತ್ತರ ಇಟ್ಟುಕೊಂಡಿರುವ ತಂಗಿ ಬಾಯಿ ಬಿಡಲಿಲ್ಲ. ದಾರಿಯಲ್ಲೂ ಬಿಡಲಿಲ್ಲ. ಮನೆಗೆ ಬಂದು, ದೀಪ ಹಾಕದೆ, ಅಕ್ಕನ ಮಂಚದ ತುದಿಯಲ್ಲಿ ಕೂತಳು. ಅಲ್ಲಿಂದಲೇ ಕೇಳಿದಳು.

"ನೀನು ಮೈಕ್ ಬಂದ್ ಮಾಡಿದ್ದೆ. ಬಾಗ್ಲು ಹಾಕಿತ್ತು. ನಾನು ಆಗ್ಲೇ ಗೇಟಿನಾಚೆ ಇದ್ದೆ. ನಂಗೆ ಕೇಳಿಸ್ತಿರ್ಲಿಲ್ಲವಲ್ಲೇ ಅಕ್ಕಾ. ಯಾಕೆ ಕೂಗಿದೆ?"

ಫೋನಕ್ಕ ತಂಗಿಯ ತಲೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಮರ ಕೊಯ್ಯುವ ಆ ಸ್ವರದಲ್ಲಿ, ತಡೆದು ತಡೆದು, ಹೇಳಿದಳು.

"ನಿಂಗೆ ಕೇಳಿಸ್ಲಿ ಅಂತ ಕೂಗಿದ್ದಲ್ಲ ಕಣೇ."